ಚೆಂದದ ಫೋನೋ, ಕೈಗೆ ಒಗ್ಗುವ ಫೋನೋ? ದುಡ್ಡು ಕೊಡುವ ಮೊದಲು ಮಾಡಿ ನೋಡಬೇಕಾದ ಪರೀಕ್ಷೆಗಳು

ನನ್ನ ಹಳೆಯ ಫೋನೊಂದು ತಾನಾಗಿಯೇ ನಡೆದುಹೋಗಿ ಬಿದ್ದು ಸತ್ತಿತು. ತಮಾಷೆಯಲ್ಲ. ಹಿಂದೆ ಮುಂದೆ ಎರಡೂ ಕಡೆ ಗಾಜು, ಅಂಚಿನಲ್ಲಿ ಬಾಗಿದ ಪರದೆ, ಹಸಿ ವೀಳ್ಯದೆಲೆಯ ಬಣ್ಣ. ಇಷ್ಟು ಚೆಂದದ್ದಕ್ಕೆ ಕವರ್ ಯಾಕೆ ಅಂತ ಹಾಗೇ ಇಟ್ಟುಕೊಂಡಿದ್ದೆ. ಒಂದು ಸಂಜೆ ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಅದನ್ನು ಇಟ್ಟು ಈರುಳ್ಳಿ ಹೆಚ್ಚುತ್ತಿದ್ದೆ. ಯಾರೋ ಫೋನ್ ಮಾಡಿದರು. ವೈಬ್ರೇಟ್‌ನಲ್ಲಿತ್ತು. ನುಣುಪು ಕಲ್ಲು, ನುಣುಪು ಬೆನ್ನು, ಕಟ್ಟೆ ಚೂರು ಮುಂದಕ್ಕೆ ವಾಲಿತ್ತು. ಗುರ್ ಅಂದಾಗಲೆಲ್ಲ ಒಂದಿಷ್ಟು ಜಾರುತ್ತಾ ಜಾರುತ್ತಾ ಅಂಚಿಗೆ ಬಂತು. ನಾನು ಕೈ ಒರೆಸಿಕೊಳ್ಳುವಷ್ಟರಲ್ಲಿ ನೆಲದ ಮೇಲಿತ್ತು. ಬಾಗಿದ ಮೂಲೆಯೇ ಮೊದಲು ಬಡಿದದ್ದು. ಹೊಸ ಡಿಸ್‌ಪ್ಲೇಗೆ ಹೇಳಿದ ರೇಟು ಕೇಳಿ ಈರುಳ್ಳಿ ಇಲ್ಲದೆಯೂ ಕಣ್ಣಲ್ಲಿ ನೀರು ಬಂತು.

ಅಂಗಡಿಯಲ್ಲಿ ಫೋನ್ ಆರಿಸುವುದು ಕಣ್ಣು. ಮನೆಗೆ ಬಂದ ಮೇಲೆ ಮೂರು ನಾಲ್ಕು ವರ್ಷ ಅದರ ಜೊತೆ ಸಂಸಾರ ಮಾಡುವುದು ಹೆಬ್ಬೆರಳು. ಹಾಗಂತ ಚೆಂದ ಬೇಡ ಅನ್ನುವವನು ನಾನಲ್ಲ. ದಿನಕ್ಕೆ ಅಷ್ಟು ಸಲ ಎತ್ತಿಕೊಳ್ಳುವ ವಸ್ತು ನೋಡೋಕೆ ಚೆನ್ನಾಗಿರಲಿ ಅನ್ನಿಸುವುದು ಸಹಜ. ನಾನು ಬದಲಾಯಿಸಿಕೊಂಡಿದ್ದು ಸರದಿಯನ್ನು ಮಾತ್ರ. ಮೊದಲು ಕೈ ಒಪ್ಪಬೇಕು, ಆಮೇಲೆ ಕಣ್ಣು. ಈಗ ಮನೆಯವರಿಗೆ, ಸ್ನೇಹಿತರಿಗೆ ಫೋನ್ ಕೊಡಿಸುವಾಗ ಅನುಸರಿಸುವ ಕ್ರಮ ಇದು.

ಹೆಜ್ಜೆ 1: ಒಂದು ದಿನ ನಿಮ್ಮ ಕೈಯನ್ನೇ ಗಮನಿಸಿ

ಹೊಸ ಫೋನಿನ ವಿಡಿಯೋ ನೋಡುವುದನ್ನು ಒಂದು ದಿನ ಬಿಡಿ. ಈಗಿರುವ ಫೋನನ್ನು ಎಲ್ಲೆಲ್ಲಿ, ಹೇಗೆ ಹಿಡಿಯುತ್ತೀರಿ ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಬಸ್ಸಿನಲ್ಲಿ ಒಂದು ಕೈ ಕಂಬಿಗೆ, ಇನ್ನೊಂದರಲ್ಲಿ ಫೋನಾ? ಅಂಗಿ ಜೇಬಾ, ಪ್ಯಾಂಟ್ ಜೇಬಾ, ವ್ಯಾನಿಟಿ ಬ್ಯಾಗಾ? ಬಿಸಿಲಲ್ಲಿ ನಿಂತು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು ಜಾಸ್ತಿಯಾ? ರಾತ್ರಿ ಮಲಗಿಕೊಂಡು ಓದುತ್ತೀರಾ?

ತೀರ್ಥಹಳ್ಳಿ ಕಡೆ ತೋಟ ಇರುವ ನಮ್ಮ ಭಾವನ ಚೀಟಿಯಲ್ಲಿ ಮೊದಲ ಸಾಲು ಹೀಗಿತ್ತು: "ಅಡಿಕೆ ಸುಗ್ಗಿಯಲ್ಲಿ ಕೈಗೆ ಚೊಗರು ಅಂಟಿರುತ್ತದೆ, ಬೆರಳು ಒತ್ತಿದರೆ ಫೋನ್ ತೆರೆಯುವುದಿಲ್ಲ." ಅವರಿಗೆ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅನ್ನುವುದಕ್ಕಿಂತ ಈ ಒಂದು ಸಾಲು ದೊಡ್ಡದು. ಬೆಂಗಳೂರಿನಲ್ಲಿ ಮೆಟ್ರೋ ಹತ್ತುವ ನನ್ನ ತಂಗಿಯ ಚೀಟಿಯಲ್ಲಿ ಇದ್ದದ್ದು "ಒಂದೇ ಕೈ" ಅನ್ನುವ ಎರಡು ಪದ.

ಹೆಜ್ಜೆ 2: ಇಂಚು ಬಿಡಿ, ಅಗಲ ಮತ್ತು ತೂಕ ನೋಡಿ

ಜಾಹೀರಾತಿನಲ್ಲಿ ದೊಡ್ಡದಾಗಿ ಬರೆಯುವ 6.1, 6.7 ಇಂಚು ಅನ್ನುವುದು ಪರದೆಯ ಮೂಲೆಯಿಂದ ಮೂಲೆಗೆ ಅಳತೆ. ನಿಮ್ಮ ಕೈಗೆ ಮೂಲೆಯಿಂದ ಮೂಲೆ ಗೊತ್ತಾಗುವುದಿಲ್ಲ. ಮುಷ್ಟಿಗೆ ಗೊತ್ತಾಗುವುದು ಅಗಲ, ಹೆಬ್ಬೆರಳಿಗೆ ಗೊತ್ತಾಗುವುದು ಎತ್ತರ, ಮಣಿಕಟ್ಟಿಗೆ ತೂಕ. ಈಗಿನ ಫೋನುಗಳು ಉದ್ದುದ್ದ ಇರುವುದರಿಂದ ಇಂಚು ಒಂದೇ ಇದ್ದರೂ ಅಗಲ ಬೇರೆ ಇರಬಹುದು.

ಅಂದಾಜಿಗೆ ಮೂರು ಫೋನ್ ಹೇಳುತ್ತೇನೆ. 2021ರ ಐಫೋನ್ 13 ಮಿನಿಯ ಅಗಲ 64.2 ಮಿಲಿಮೀಟರ್, ತೂಕ 140 ಗ್ರಾಂ ಆಸುಪಾಸು. ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25ರ ಅಗಲ 70.5, ತೂಕ 162. ಅದೇ ಸರಣಿಯ ಅಲ್ಟ್ರಾದ ಅಗಲ 77.6, ತೂಕ 218. ನನ್ನ ಅನುಭವದಲ್ಲಿ 72 ದಾಟಿದ ಮೇಲೆ ಸಾಧಾರಣ ಕೈಗೆ ಒಂದೇ ಕೈಯ ಕೆಲಸ ಕಷ್ಟ. 76 ದಾಟಿದರೆ ಎರಡು ಕೈ ಬೇಕೇ ಬೇಕು. ತೂಕ 200 ಗ್ರಾಂ ದಾಟಿದರೆ ಮಲಗಿ ಓದುವವರು ಮೂಗು ಜೋಪಾನ.

ಈ ಅಂಕಿಗಳು ಕಾಗದದ ಮೇಲೆ ಏನೂ ಅನ್ನಿಸುವುದಿಲ್ಲ. ಆರೇಳು ಮಿಲಿಮೀಟರ್ ತಾನೇ ಅನ್ನಿಸುತ್ತದೆ. ಹಾಗಾಗಿ ನಾನು ಮಾಡುವ ಒಂದು ಕಿತಾಪತಿ ಇದೆ. ಮನೆಯಲ್ಲಿ ಬಿದ್ದಿರುವ ಮದುವೆ ಕಾಗದದ ದಪ್ಪ ರಟ್ಟು ತೆಗೆದುಕೊಂಡು, ಕಂಪನಿಯ ವೆಬ್‌ಸೈಟಿನಲ್ಲಿ ಕೊಟ್ಟಿರುವ ಉದ್ದ ಅಗಲಕ್ಕೆ ಕತ್ತರಿಸುತ್ತೇನೆ. ಅಗಲಕ್ಕೆ ಮೂರು ಮಿಲಿಮೀಟರ್ ಸೇರಿಸುತ್ತೇನೆ, ಅದು ಕವರಿನ ಲೆಕ್ಕ. ಇದನ್ನು ಹಿಡಿದು ಹೆಬ್ಬೆರಳು ಎದುರು ಮೂಲೆಗೆ ತಾಗುತ್ತದಾ ನೋಡಿ. ಜೇಬಿಗೆ ಹಾಕಿಕೊಂಡು ಕೂತು ನೋಡಿ. ಬ್ಯಾಗಿನ ಜಿಪ್ ಹಾಕಿ ನೋಡಿ. ತಮಾಷೆಯಂತೆ ಕಾಣುತ್ತದೆ, ಆದರೆ ನಾಲ್ಕು ಮಾಡೆಲ್‌ಗಳ ಪಟ್ಟಿ ಐದು ನಿಮಿಷದಲ್ಲಿ ಎರಡಕ್ಕೆ ಇಳಿಯುತ್ತದೆ.

ಒಂದು ಕಹಿ ಸತ್ಯವೂ ಇದೆ. ಚಿಕ್ಕ ಫೋನ್ ಬೇಕು ಅನ್ನುವವರು ಬಹಳ, ಕೊಳ್ಳುವವರು ಕಡಿಮೆ. ಆಪಲ್ 2020 ಮತ್ತು 2021ರಲ್ಲಿ ಮಿನಿ ಮಾಡಿತು, 2022ರಲ್ಲಿ ಕೈಬಿಟ್ಟಿತು. ಆಂಡ್ರಾಯ್ಡ್‌ನಲ್ಲೂ ಕಡಿಮೆ ಬೆಲೆಗೆ ಚಿಕ್ಕ ಫೋನ್ ಸಿಗುವುದು ಅಪರೂಪ. ದೊಡ್ಡದೇ ಗತಿ ಅಂತಾದರೆ ಸೆಟ್ಟಿಂಗ್ಸ್‌ನಲ್ಲಿ ಒಂದು ಕೈ ಮೋಡ್ ಇದೆಯಾ ನೋಡಿ. ಅದನ್ನು ಆನ್ ಮಾಡಿದರೆ ಪರದೆಯ ಮೇಲ್ಭಾಗ ಕೆಳಕ್ಕೆ ಇಳಿದು ಬರುತ್ತದೆ. ಕೀಬೋರ್ಡನ್ನೂ ಒಂದು ಬದಿಗೆ ಸರಿಸಬಹುದು.

ಹೆಜ್ಜೆ 3: ಅಂಗಡಿಗೆ ಹೋಗಿ, ಸರಪಳಿ ಬಿಚ್ಚಿಸಿ

ಡೆಮೊ ಫೋನಿಗೆ ಹಿಂದೆ ಒಂದು ವೈರು, ಒಂದು ಗುಬಟು ಅಂಟಿಸಿರುತ್ತಾರೆ. ಅದರ ಜೊತೆ ಹಿಡಿದರೆ ತೂಕವೂ ತಪ್ಪು, ಹಿಡಿತವೂ ತಪ್ಪು. "ಬಿಚ್ಚಿ ಕೊಡಿ, ಕೈಯಲ್ಲಿ ಹಿಡಿದು ನೋಡಬೇಕು" ಅಂತ ಕೇಳಿ. ಸಂಕೋಚ ಬೇಡ. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಬಿಡಿಸಿ ನೋಡುವ ನಾವು ಇಪ್ಪತ್ತು ಸಾವಿರದ ಫೋನಿಗೆ ಯಾಕೆ ನಾಚಿಕೊಳ್ಳುತ್ತೇವೋ ಗೊತ್ತಿಲ್ಲ.

ಬಿಚ್ಚಿದ ಮೇಲೆ ಇನ್ನೊಂದು ಮಾತು. ಅದಕ್ಕೆ ಕವರ್ ಹಾಕಿ ಕೊಡಿ ಅನ್ನಿ. ನೀವು ಬಳಸುವುದು ಕವರ್ ಸಮೇತ ಅಂತಾದರೆ ನೋಡುವುದೂ ಹಾಗೇ ಇರಲಿ. ಎಷ್ಟೋ ಫೋನುಗಳ ತೆಳುವು, ಮಿನುಗು, ಬೆನ್ನಿನ ಚಿತ್ತಾರ ಎಲ್ಲ ಈ ಒಂದು ಕ್ಷಣದಲ್ಲಿ ಮಾಯವಾಗಿ, ಎಲ್ಲವೂ ಒಂದೇ ಥರದ ರಬ್ಬರ್ ಚಪ್ಪಡಿಗಳಾಗಿಬಿಡುತ್ತವೆ. ಆಗ ನಿಮಗೆ ಯಾವುದು ಬೇಕು ಅನ್ನುವುದು ತಾನಾಗಿಯೇ ಸ್ಪಷ್ಟವಾಗುತ್ತದೆ. ಆ ಮಾಡೆಲ್‌ಗೆ ಕವರು, ಟೆಂಪರ್ಡ್ ಗ್ಲಾಸು ಅಂಗಡಿಯಲ್ಲಿ ಇಲ್ಲವೇ ಇಲ್ಲ ಅಂದರೆ ಅದೂ ಒಂದು ಉತ್ತರವೇ.

ಈಗ ಒಂದೇ ಕೈಯಲ್ಲಿ ಇಷ್ಟು ಮಾಡಿ. ಮೇಲಿನಿಂದ ನೋಟಿಫಿಕೇಶನ್ ಎಳೆಯಿರಿ. ಎಳೆಯುವಾಗ ಫೋನ್ ಕಿರುಬೆರಳಿನ ಮೇಲೆ ಕೂತು ಓಲಾಡುತ್ತದಾ? ಅದೇ ಮುಂದೆ ಬೀಳುವ ಭಂಗಿ. ಪವರ್ ಬಟನ್ ಒತ್ತಿ. ಒತ್ತುವಾಗ ಎದುರು ಬದಿಯ ವಾಲ್ಯೂಮ್ ಬಟನ್ ಕೂಡ ಒತ್ತಿಕೊಂಡು ಸುಮ್ನೆ ಸ್ಕ್ರೀನ್‌ಶಾಟ್ ಬೀಳುತ್ತಿದ್ದರೆ ದಿನಾ ಅದೇ ಗೋಳು. ಫೋನನ್ನು ಕೌಂಟರ್ ಮೇಲೆ ಅಂಗಾತ ಇಟ್ಟು ಟೈಪ್ ಮಾಡಿ. ಕ್ಯಾಮೆರಾ ಒಂದು ಮೂಲೆಯಲ್ಲಿ ಗುಡ್ಡದ ಹಾಗೆ ಎದ್ದಿದ್ದರೆ ಫೋನ್ ಕುಂಟುಕಾಲಿನ ಸ್ಟೂಲಿನ ಥರ ಅಲ್ಲಾಡುತ್ತದೆ. ಕ್ಯಾಮೆರಾ ಅಡ್ಡಪಟ್ಟಿಯಂತೆ ಅಥವಾ ನಡುವೆ ಇದ್ದರೆ ಈ ಕಾಟ ಕಡಿಮೆ.

ಬೆರಳಚ್ಚಿನ ಜಾಗ ಇನ್ನೊಂದು ಮುಖ್ಯ ವಿಷಯ. ಪರದೆಯ ಒಳಗೇ ಸೆನ್ಸರ್ ಇರುವುದು ನೋಡಲು ಸೊಗಸು. ಆದರೆ ದಪ್ಪ ಅಥವಾ ಕಳಪೆ ಗ್ಲಾಸ್ ಅಂಟಿಸಿದರೆ ಕೆಲವು ಸತಾಯಿಸುತ್ತವೆ. ಕೆಲವು ಫೋನುಗಳಲ್ಲಿ ಸೆನ್ಸರ್ ತೀರಾ ಕೆಳಗಿದ್ದು ಹೆಬ್ಬೆರಳನ್ನು ಮಡಚಬೇಕಾಗುತ್ತದೆ. ಪಕ್ಕದ ಪವರ್ ಬಟನ್‌ನಲ್ಲೇ ಇರುವುದು ನನಗಿಷ್ಟ, ಎಡಗೈಯವರಿಗೆ ಅದು ತೊಡಕು. ಇನ್ನು ಕೂಲಿ, ತೋಟದ ಕೆಲಸ ಮಾಡುವವರ ಬೆರಳಿನ ಗೆರೆಗಳು ಸವೆದಿರುತ್ತವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತೆಗೆದುಕೊಳ್ಳದೆ ಒದ್ದಾಡುವುದನ್ನು ನೋಡಿದ್ದೀರಲ್ಲ. ಅಂಥವರಿಗೆ ಯಾವ ಸೆನ್ಸರೂ ನೆಚ್ಚಿಕೆಯಲ್ಲ. ಪಿನ್ ಒತ್ತಲು ಸುಲಭವಾದ, ಅಂಕಿ ದೊಡ್ಡದಾಗಿ ಕಾಣುವ ಫೋನ್ ನೋಡಿ. ಭಾವನಿಗೆ ಕೊನೆಗೆ ಕೊಡಿಸಿದ್ದೂ ಅಂಥದ್ದೇ.

ಆಮೇಲೆ ಅಂಗಡಿಯವರನ್ನು ಜೊತೆಗೇ ಕರೆದುಕೊಂಡು ಬಾಗಿಲಾಚೆ ಬಿಸಿಲಿಗೆ ಬನ್ನಿ. ಪರದೆ ಕಾಣುತ್ತದಾ? ಬಾಕ್ಸ್ ಮೇಲಿನ ಸಾವಿರಾರು ನಿಟ್ಸ್ (ಬೆಳಕಿನ ಅಳತೆ) ಪರದೆಯ ಸಣ್ಣ ಭಾಗ ಮಾತ್ರ ಬೆಳಗಿದಾಗ ಸಿಗುವ ಗರಿಷ್ಠ ಲೆಕ್ಕ. ಇಡೀ ಪರದೆ ಅಷ್ಟು ಬೆಳಗುವುದಿಲ್ಲ. ಬಾಗಿದ ಅಂಚಿನವು ಬಿಸಿಲಲ್ಲಿ ಎರಡೂ ಬದಿಯಲ್ಲಿ ಬೆಳ್ಳಿಗೆರೆ ಹೊಡೆಯುತ್ತವೆ. ಒಂದು ಫೋನ್ ಕಾಲ್ ಕೂಡ ಮಾಡಿ ನೋಡಿ. ಫೋನ್ ಕೊಳ್ಳುವಾಗ ಫೋನ್ ಮಾಡಿ ನೋಡುವವರೇ ಕಡಿಮೆ, ಅಲ್ವಾ? ರಸ್ತೆಯ ಗದ್ದಲದಲ್ಲಿ ಆ ಕಡೆಯ ಮಾತು ಕೇಳಿಸಬೇಕು.

ಹೆಜ್ಜೆ 4: ಕನ್ನಡ ಹಾಕಿ ನೋಡಿ

ಯಾವ ವಿಮರ್ಶೆಯ ವಿಡಿಯೋದಲ್ಲೂ ಇದನ್ನು ತೋರಿಸುವುದಿಲ್ಲ. ಹಾಗಾಗಿ ನಾವೇ ಮಾಡಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಕನ್ನಡ ಮಾಡಿ, ಅಕ್ಷರದ ಗಾತ್ರವನ್ನು ಎರಡು ಹಂತ ಮೇಲೇರಿಸಿ. ಈಗ ಮೆಸೇಜಿನಲ್ಲಿ "ಸ್ವಾತಂತ್ರ್ಯ", "ರಾಷ್ಟ್ರಕೂಟ" ಅಂತ ಟೈಪ್ ಮಾಡಿ. ಇಂಗ್ಲಿಷ್ ಅಕ್ಷರಗಳಿಗೆ ಕೆಳಗೆ ಹೆಚ್ಚು ಜಾಗ ಬೇಕಿಲ್ಲ. ನಮ್ಮ ಒತ್ತಕ್ಷರಕ್ಕೆ ಬೇಕು. ಎರಡು ಒತ್ತು ಬಂದರೆ ಇನ್ನೂ ಬೇಕು. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಂದಾಜಿನಲ್ಲೇ ಕೊಟ್ಟಿದ್ದರೆ ಒತ್ತಿನ ಕಾಲು ಕತ್ತರಿಸಿಹೋಗಿರುತ್ತದೆ.

ಕೆಲವು ಫೋನುಗಳು "ಸ್ಟೈಲಿಶ್" ಅಂತ ತೆಳ್ಳಗಿನ ಫಾಂಟ್, ಥೀಮ್ ಕೊಡುತ್ತವೆ. ನೋಡಲು ನಾಜೂಕು. ಆದರೆ ಕನ್ನಡದಲ್ಲಿ "ದ"ಗೂ "ಧ"ಗೂ ಇರುವ ವ್ಯತ್ಯಾಸ ಕೆಳಗಿನ ಒಂದು ಚಿಕ್ಕ ಸೀಳು ಅಷ್ಟೇ. ತೆಳು ಅಕ್ಷರದಲ್ಲಿ, ಬಿಸಿಲಲ್ಲಿ, ಐವತ್ತು ದಾಟಿದ ಕಣ್ಣಿಗೆ ಆ ಸೀಳು ಕಾಣುವುದಿಲ್ಲ. ಆಗ "ಧನ ಸಹಾಯ" ಅಂತ ಬಂದ ಮೆಸೇಜು "ದನ ಸಹಾಯ" ಆಗುತ್ತದೆ. ಅಕ್ಷರ ಸ್ವಲ್ಪ ದಪ್ಪ ಮಾಡುವ ಆಯ್ಕೆ ಇದೆಯಾ ಅಂತ ಅಲ್ಲೇ ಹುಡುಕಿ.

ಇಲ್ಲಿ ನನ್ನದೇ ಮಾತಿಗೆ ನಾನೇ ಅಡ್ಡ ಬರುತ್ತೇನೆ. ಕನ್ನಡದ ಕೀಬೋರ್ಡಿನಲ್ಲಿ ಅಕ್ಷರಗಳು ಜಾಸ್ತಿ, ಹಾಗಾಗಿ ಕಿರಿದಾದ ಫೋನಿನಲ್ಲಿ ಕೀಲಿಗಳು ಸಾಸಿವೆ ಕಾಳಾಗುತ್ತವೆ. ನೇರವಾಗಿ ಕನ್ನಡ ಕೀಲಿ ಒತ್ತಿ ಬರೆಯುವವರಿಗೆ ಅಗಲ ಫೋನೇ ವಾಸಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವವರಿಗೆ, ಮಾತಾಡಿ ಬರೆಸುವವರಿಗೆ ಚಿಕ್ಕದಾದರೂ ನಡೆಯುತ್ತದೆ. ನೀವು ಯಾರು ಅನ್ನುವುದು ನಿಮ್ಮ ಚೀಟಿಯಲ್ಲಿ ಇರಬೇಕು.

ಹೆಜ್ಜೆ 5: ಮೈ ಯಾವುದರದ್ದು?

ಗಾಜು ಹೊಳೆಯುತ್ತದೆ, ಕೈಗೆ ತಂಪು. ವೈರ್‌ಲೆಸ್ ಚಾರ್ಜಿಂಗ್ ಬೇಕು ಅಂದರೆ ಲೋಹದ ಬೆನ್ನು ಆಗುವುದಿಲ್ಲ, ಹಾಗಾಗಿ ದುಬಾರಿ ಫೋನುಗಳಲ್ಲಿ ಗಾಜು ಬಂತು. ಎಂಥ ಗಟ್ಟಿ ಗಾಜಾದರೂ ಗೀರಿನ ವಿಷಯದಲ್ಲಿ ಒಂದು ಮಿತಿ ಇದೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಫೋನಿನ ಗಾಜು ಸುಮಾರು 6ರ ಹತ್ತಿರ ಗೀರಿಸಿಕೊಳ್ಳಲು ಶುರುಮಾಡುತ್ತದೆ. ಮರಳಿನಲ್ಲಿರುವ ಕ್ವಾರ್ಟ್ಜ್ 7. ಜೇಬಿನ ಬೀಗದ ಕೈ ಏನೂ ಮಾಡದಿರಬಹುದು. ಮಲ್ಪೆ ಬೀಚಿನಿಂದ ಜೇಬಿನಲ್ಲಿ ಬಂದ ನಾಲ್ಕು ಕಾಳು ಮರಳು ಗೀರು ಹಾಕುತ್ತದೆ.

ಪ್ಲಾಸ್ಟಿಕ್ ಬೆನ್ನನ್ನು ನಾವು ಅಗ್ಗದ್ದು ಅಂತ ಮೂಗು ಮುರಿಯುತ್ತೇವೆ. ಬಿದ್ದರೆ ಒಡೆಯದೆ ಇರುವುದು ಅದೇ. ಚರ್ಮದ ಹಾಗೆ ಕಾಣುವ ಬೆನ್ನು ಜಾರುವುದಿಲ್ಲ, ನನಗೆ ತುಂಬ ಇಷ್ಟ. ಆದರೆ ತಿಳಿ ಬಣ್ಣದ್ದಾದರೆ ವರ್ಷ ಕಳೆಯುವಷ್ಟರಲ್ಲಿ ಕೊಳೆ ಕೂತು ಹಳೇ ಪರ್ಸಿನ ಹಾಗಾಗುತ್ತದೆ. ಬಾಗಿದ ಪರದೆಗೆ ಸಾಮಾನ್ಯ ಟೆಂಪರ್ಡ್ ಗ್ಲಾಸ್ ಕೂರುವುದಿಲ್ಲ. ದ್ರವದ ಅಂಟು ಸುರಿದು ಯುವಿ (ನೇರಳಾತೀತ) ಬೆಳಕು ಹಿಡಿದು ಅಂಟಿಸುವ ಬಗೆ ಬೇಕು. ಅಜಾಗರೂಕತೆಯಿಂದ ಮಾಡಿದರೆ ಆ ಅಂಟು ಸ್ಪೀಕರಿನ ತೂತಿಗೋ ಬಟನ್ನಿನ ಸಂದಿಗೋ ಇಳಿಯುತ್ತದೆ.

ತೆಳುವಿನ ಹುಚ್ಚು ಮತ್ತೆ ಬಂದಿದೆ. 2025ರಲ್ಲಿ ಬಂದ ಗ್ಯಾಲಕ್ಸಿ ಎಸ್25 ಎಡ್ಜ್ 5.8 ಮಿಲಿಮೀಟರ್ ದಪ್ಪ, ಐಫೋನ್ ಏರ್ 5.6. ಕೈಗೆ ತೆಗೆದುಕೊಂಡರೆ ನಿಜಕ್ಕೂ ಬೆರಗು. ಆದರೆ ಎಡ್ಜ್‌ನ ಬ್ಯಾಟರಿ 3900 ಎಂಎಎಚ್, ಏರ್‌ಗೆ ಹಿಂದೆ ಒಂದೇ ಕ್ಯಾಮೆರಾ. ಸಾಧಾರಣ ಬೆಲೆಯ ಫೋನಿನಲ್ಲೇ 5000 ಎಂಎಎಚ್ ಸಿಗುವ ಕಾಲ ಇದು. ತೆಳು ಫೋನ್ ಕೊಂಡು ಅದರ ಬೆನ್ನಿಗೆ ಪವರ್ ಬ್ಯಾಂಕ್ ಅಂಟಿಸಿಕೊಂಡು ಓಡಾಡುವವರನ್ನು ನೋಡಿದರೆ ನಗು ಬರುತ್ತದೆ. ಸಿಲಿಕಾನ್ ಕಾರ್ಬನ್ ಬ್ಯಾಟರಿ ಬಂದ ಮೇಲೆ ಕೆಲವು ಕಂಪನಿಗಳು ಅಷ್ಟೇ ಜಾಗದಲ್ಲಿ ಜಾಸ್ತಿ ಶಕ್ತಿ ತುಂಬುತ್ತಿವೆ, ಹಾಗಾಗಿ ದಪ್ಪ ನೋಡಿ ಬ್ಯಾಟರಿ ಅಂದಾಜು ಮಾಡಬೇಡಿ, ಅಂಕಿ ನೋಡಿ.

ಚೆಂದಕ್ಕೂ ಬಳಕೆಗೂ ಜಗಳ ಹೊಸದೇನಲ್ಲ. 2003ರಲ್ಲಿ ನೋಕಿಯಾ ಎರಡು ಫೋನ್ ತಂದಿತು. ಒಂದು ಎನ್-ಗೇಜ್, ಆಟದ ಫೋನು. ನೋಡಿದವರೆಲ್ಲ ತಿರುಗಿ ನೋಡುವಂಥದ್ದು. ಆದರೆ ಮಾತಾಡಬೇಕೆಂದರೆ ಅದರ ಪಕ್ಕದ ಅಂಚನ್ನು ಕಿವಿಗೆ ಹಿಡಿಯಬೇಕು, ಆಟದ ಕಾರ್ಡ್ ಬದಲಿಸಲು ಬ್ಯಾಟರಿ ತೆಗೆಯಬೇಕು. ಇನ್ನೊಂದು 1100. ತಲೆಯ ಮೇಲೊಂದು ಟಾರ್ಚು, ಧೂಳು ಹೋಗದ ಕೀಪ್ಯಾಡು, ಜಾರದ ಅಂಚು. ಅದು 25 ಕೋಟಿಗೂ ಜಾಸ್ತಿ ಮಾರಾಟವಾಯಿತು. ಕರೆಂಟು ಹೋದಾಗ ಆ ಟಾರ್ಚಿನಲ್ಲಿ ಊಟ ಮಾಡಿದ ನೆನಪು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ.

ಹೆಜ್ಜೆ 6: ನಿಮ್ಮೂರಿನ ಮಳೆ, ಬಿಸಿಲು, ಬೈಕು

ಫೋನು ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವುದು ಐಪಿ ಅಂಕಿ. ಐಪಿ68 ಅನ್ನುವುದರಲ್ಲಿ 6 ಧೂಳಿಗೆ, 8 ನೀರಿಗೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಈ ಪರೀಕ್ಷೆಗಳೆಲ್ಲ ಸಿಹಿನೀರಿನಲ್ಲಿ. ಸಮುದ್ರದ ನೀರು, ಸೋಪಿನ ನೀರು ಲೆಕ್ಕಕ್ಕಿಲ್ಲ. ಐಪಿ ಇದ್ದರೂ ನೀರು ಹೊಕ್ಕರೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಇನ್ನು ನೀರು ಒಳಗೆ ಹೋಗದಿದ್ದರೂ ಹನಿ ಬಿದ್ದ ಪರದೆಗೆ ಬೆರಳು ಯಾವುದು, ಹನಿ ಯಾವುದು ಗೊತ್ತಾಗುವುದಿಲ್ಲ. ಮಂಗಳೂರಿನ ಜುಲೈನಲ್ಲಿ ಒಂದು ಕೈಯಲ್ಲಿ ಕೊಡೆ ಹಿಡಿದವರಿಗೆ ಇದು ಗೊತ್ತು. ಕರೆಯನ್ನು ಬಟನ್ನಿನಿಂದಲೇ ಕತ್ತರಿಸುವ ಸೌಲಭ್ಯ ಇದೆಯಾ ನೋಡಿಕೊಳ್ಳಿ.

ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಫೋನ್ ಕಾದರೆ ತಾನಾಗಿ ಪರದೆಯ ಬೆಳಕು ಇಳಿಸುತ್ತದೆ, ಚಾರ್ಜಿಂಗ್ ನಿಧಾನ ಮಾಡುತ್ತದೆ. ಬೈಕಿನ ಹ್ಯಾಂಡಲ್‌ಗೆ ಫೋನ್ ಸಿಕ್ಕಿಸಿ ಡೆಲಿವರಿ ಮಾಡುವವರಿಗೆ ಬಿಸಿಲಿನ ಜೊತೆ ಅದುರಾಟವೂ ಶತ್ರು. ಜೋರು ಇಂಜಿನಿನ ಕಂಪನ ಕ್ಯಾಮೆರಾ ಹಾಳು ಮಾಡಬಹುದು ಅಂತ 2021ರಲ್ಲಿ ಆಪಲ್ ತಾನೇ ಎಚ್ಚರಿಸಿತ್ತು. ಚಿತ್ರ ಅಲುಗದಂತೆ ತಡೆಯುವ ಒಳಗಿನ ಪುಟ್ಟ ಯಂತ್ರವೇ ಕೆಡುವುದು. ಈ ಕೆಲಸಕ್ಕೆ ಅಗ್ಗದ ಎರಡನೇ ಫೋನ್ ಇಟ್ಟುಕೊಳ್ಳುವುದೇ ಜಾಣತನ.

ಹೆಜ್ಜೆ 7: ಒಡೆದರೆ ಎಷ್ಟು?

ಬಿಲ್ ಹಾಕಿಸುವ ಮೊದಲು ಎರಡು ಪ್ರಶ್ನೆ. ಈ ಮಾಡೆಲ್‌ನ ಅಸಲಿ ಡಿಸ್‌ಪ್ಲೇ ಎಷ್ಟು? ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿದೆ? ಶಿರಸಿಯಲ್ಲಿದ್ದುಕೊಂಡು ಪ್ರತಿ ಸಲ ಹುಬ್ಬಳ್ಳಿಗೆ ಹೋಗಬೇಕು ಅಂತಾದರೆ ಬಸ್ ಚಾರ್ಜು, ಒಂದು ದಿನದ ಕೆಲಸ ಎರಡನ್ನೂ ಫೋನಿನ ಬೆಲೆಗೆ ಸೇರಿಸಿ. ಮಡಚುವ ಫೋನಿನ ಆಸೆ ಇದ್ದರೆ ಈ ಎರಡು ಪ್ರಶ್ನೆಯನ್ನು ಎರಡೆರಡು ಸಲ ಕೇಳಿ. ಒಳಪರದೆ ಮೆದು, ಧೂಳು ಮರಳು ಅದಕ್ಕೆ ಆಗದು.

ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತಾರೆ ಅಂತಲೂ ಕೇಳಿ. ಗೂಗಲ್ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ 7 ವರ್ಷ ಅಂತ ಮಾತು ಕೊಟ್ಟಿವೆ. ಅಗ್ಗದ ಫೋನುಗಳಲ್ಲಿ ಕಡಿಮೆ ಇರುತ್ತದೆ.

ಹೆಜ್ಜೆ 8: ಈಗ ಚೆಂದ ನೋಡಿ

ಇಷ್ಟರಲ್ಲಿ ಎರಡೋ ಮೂರೋ ಫೋನ್ ಉಳಿದಿರುತ್ತವೆ. ಇನ್ನು ಮನಸ್ಸಿಗೆ ಬಂದದ್ದನ್ನು ಎತ್ತಿಕೊಳ್ಳಿ, ಯಾರನ್ನೂ ಕೇಳಬೇಡಿ. ಒಂದೇ ಒಂದು ಸಲಹೆ. ಕಡು ಕಪ್ಪಿಗಿಂತ ಎದ್ದು ಕಾಣುವ ಬಣ್ಣ ಒಳ್ಳೆಯದು. ಕತ್ತಲಲ್ಲಿ, ಸೋಫಾ ಸಂದಿಯಲ್ಲಿ, ಆಟೋದ ಕಪ್ಪು ಸೀಟಿನ ಮೇಲೆ ಬೇಗ ಕಾಣುತ್ತದೆ. ಹೊಳೆಯುವ ಕಪ್ಪು ಬೆನ್ನಿನ ಮೇಲೆ ಬೆರಳಿನ ಜಿಡ್ಡು ಒರೆಸಿ ಒರೆಸಿ ಸಾಕಾಗುತ್ತದೆ. ಪಾರದರ್ಶಕ ಕವರ್ ಹಾಕಿ ಬಣ್ಣ ತೋರಿಸೋಣ ಅಂದುಕೊಂಡರೆ, ಮೆತ್ತನೆಯ ಅಗ್ಗದ ಕವರು ಕೆಲವೇ ತಿಂಗಳಲ್ಲಿ ಹಳದಿಯಾಗುತ್ತದೆ ಅನ್ನುವುದು ಗೊತ್ತಿರಲಿ.

ಹೋದ ದಸರಾಕ್ಕೆ ಅಮ್ಮನಿಗೆ ಫೋನ್ ಕೊಡಿಸಲು ಹೋಗಿದ್ದೆವು. ನಾನು ಮೇಲಿನದ್ದೆಲ್ಲ ಲೆಕ್ಕ ಹಾಕಿ, ಕನ್ನಡ ಹಾಕಿ, ಬಿಸಿಲಿಗೆ ತಂದು, ಒಂದನ್ನು ಆರಿಸಿ ಕೊಟ್ಟೆ. ಅಕ್ಷರ ದೊಡ್ಡದು, ಧ್ವನಿ ಜೋರು. ಅಮ್ಮ ಅದನ್ನು ಒಂದು ಸಲ ತಿರುಗಿಸಿ ನೋಡಿ, ಏನೂ ಮಾತಾಡದೆ ತಮ್ಮ ಕೈಚೀಲದೊಳಗಿನ ಪುಟ್ಟ ಪರ್ಸ್ ತೆಗೆದರು. ದೇವಸ್ಥಾನಕ್ಕೆ, ತರಕಾರಿಗೆ ಹೋಗುವಾಗ ಹಿಡಿಯುವುದು ಅದೊಂದೇ. ಫೋನ್ ಒಳಗೆ ಹೋಯಿತು, ಜಿಪ್ ಹಾಕಿಕೊಳ್ಳಲಿಲ್ಲ. "ಇದು ಬೇಡ" ಅಂದರು. ಪಕ್ಕದಲ್ಲಿದ್ದ ಸ್ವಲ್ಪ ಚಿಕ್ಕದನ್ನು ಹಾಕಿದರು. ಜಿಪ್ ಸರ್ ಅಂತ ಮುಚ್ಚಿತು. ಆಮೇಲೆ ಅದನ್ನು ಮತ್ತೆ ಹೊರಗೆ ತೆಗೆದು ಹುಡುಗನನ್ನು ಕೇಳಿದರು: "ಇದರಲ್ಲಿ ನೀಲಿ ಇದೆಯೇನಪ್ಪ?"